ಕಾವು ಕೂತ ಮಾರಿ

ಒಂದಾನೊಂದು ಊರಲ್ಲಿ ದ್ಯಾವೀರಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ. ಹಿಡಿದ ಪಟ್ಟು ಬಿಡದವಳು. ಆ ವರ್ಷ ರೋಗ ಬಂದು ಊರ ಕೋಳಿಯೆಲ್ಲ ಸತ್ತು, ಉಳಿದದ್ದು ಇವಳ ಮನೆಯ ಒಂದೇ ಒಂದು ಹೇಂಟೆ ಕೋಳಿ. ಅದೂ ಮಂಕರಿಯಲ್ಲಿ ಹನ್ನೊಂದು ಮೊಟ್ಟೆ ಮೇಲೆ ಕಾವು ಕೂತಿತ್ತಂತೆ. ಮೊಟ್ಟೆ ಮರಿಯಾದರೆ ಊರಿಗೆ ಮತ್ತೆ ಕೋಳಿ ಉಂಟು, ಇಲ್ಲವಾದರೆ ಅಲ್ಲಿಗೆ ಸಂತಾನವೇ ಮುಗಿಯಿತು.

ಅದು ಕಾವು ಕೂತ ದಿನವೇ ಮಟಮಟ ಮಧ್ಯಾಹ್ನ ಊರ ಎಲ್ಲೆಯ ಮಾರಿ ಹೆಂಗಸಿನ ರೂಪದಲ್ಲಿ ಬಾಗಿಲಿಗೆ ಬಂದಳಂತೆ.

"ಈ ವರ್ಸ ಯಾರೂ ಕೋಳಿ ಕೊಟ್ಟಿಲ್ಲ. ಹಸಿದಿವ್ನಿ. ನಿನ್ ಕೋಳಿ ಕೊಡು."

"ಕಾವು ಕೂತಿರೋದ್ನ ಎಬ್ಬಿಸಬಾರ್ದು ಕಣವ್ವ. ಇಪ್ಪತ್ತೊಂದು ದಿನ ತಡ್ಕೊ."

"ತಡ್ಕೊಳೋದು ನಂಗೊತ್ತಿಲ್ಲ."

"ಹಂಗಾರೆ ಕೋಳಿ ತಗೊ. ಅದರ ಜಾಗ್ದಲ್ಲಿ ನೀನು ಕಾವು ಕೂರು. ಮೊಟ್ಟೆ ತಣ್ಣಗಾಗ್ಬಾರ್ದು."

ಕೂರುವುದೇನು ಮಹಾ ಅಂತ ಮಾರಿ ಒಪ್ಪಿದಳಂತೆ. ಕೋಳಿಯನ್ನು ಕಂಬಕ್ಕೆ ಕಟ್ಟಿ, ಮೊಟ್ಟೆಗಳನ್ನು ಸೆರಗಲ್ಲಿ ಸುತ್ತಿ, ಮಡಿಲಲ್ಲಿಟ್ಟು ಕೂತಳು. ಕೂತವಳು ಒಲೆ ಹಚ್ಚಲು ಏಳಹೋದಳು. ದ್ಯಾವೀರಮ್ಮ ಭುಜ ಹಿಡಿದು ಕೂರಿಸಿದಳು.

"ಎದ್ರೆ ಮೊಟ್ಟೆ ತಣ್ಣಗಾಗ್ತವೆ."

"ಹಂಗಾರೆ ನೀನೇ ಬೇಯ್ಸು."

"ಕೊಡ್ತೀನಿ ಅಂದದ್ದು ಕೋಳಿಯ. ಸಾರ್ನಲ್ಲ."

ಹಸಿಕೋಳಿ ತಿನ್ನಲು ಮಾರಿಯೇನು ನರಿಯೇ? ಮುದುಕಿ ಕೊಟ್ಟ ಅಂಬಲಿ ಕುಡಿದು ಹಲ್ಲು ಕಡಿಯುತ್ತಾ ಕೂತಳಂತೆ. ಒಂದು ದಿನವಾಯಿತು, ಎರಡು ದಿನವಾಯಿತು, ಏಳು ದಿನವಾಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೊಟ್ಟೆ ಹೊರಳಿಸಬೇಕು. ಮುದುಕಿ ಹೊಸಲು ಬಿಟ್ಟು ಕದಲಲಿಲ್ಲ. ಸೊಂಟ ಹಿಡಿಯಿತು ಅಂತ ಮಾರಿ ಅತ್ತರೂ ಅವಳ ಕರುಳು ಕರಗಲಿಲ್ಲ. "ಕೋಳಿಗೂ ಸೊಂಟ ಐತೆ, ಕೂರು," ಅಂದಳು.

ಇಪ್ಪತ್ತನೇ ದಿನ ಮಾರಿ ಬಗ್ಗಿ ಮಡಿಲಿಗೆ ಕಿವಿ ಕೊಟ್ಟಳಂತೆ. "ಒಳಗೆ ಮಾತಾಡ್ತಾವೆ ಕಣೆ," ಅಂದಳು. ಅವತ್ತು ಅವಳಿಗೆ ಅಂಬಲಿಯ ನೆನಪೂ ಆಗಲಿಲ್ಲ.

ಇಪ್ಪತ್ತೊಂದನೇ ದಿನ ಎರಡು ಮೊಟ್ಟೆ ಕೊಳೆತು, ಒಂಬತ್ತು ಮರಿ ಹೊರಬಂದವು. ದ್ಯಾವೀರಮ್ಮನಿಗೆ ಆದ ಸಂತೋಷ ಹೇಳತೀರದು. ಆದರೂ ಕೊಟ್ಟ ಮಾತು ಮಾತೇ. ಕಣ್ಣೊರೆಸಿಕೊಂಡು ಕೋಳಿ ಬಿಚ್ಚಿ ಮುಂದೆ ಹಿಡಿದಳಂತೆ.

"ತಗೊ, ನಿನ್ ಕೋಳಿ."

ಅಷ್ಟರಲ್ಲಿ ಅಂಗಳದ ಮೇಲೆ ಹದ್ದಿನ ನೆರಳು ಸುತ್ತಿತು. ಮರಿಗಳು ಚಿಯ್ ಚಿಯ್ ಅಂತ ಮಾರಿಯ ಸೀರೆಯೊಳಗೆ ನುಗ್ಗಿದವು. ಮಾರಿ ಮೇಲೆ ನೋಡಿದಳು, ತನ್ನ ಎರಡು ಕೈ ನೋಡಿಕೊಂಡಳು.

"ಬಿಡು ಅದ್ನ. ಕಾವೇನೋ ಕೊಟ್ಟೆ. ನಂಗೆ ರೆಕ್ಕೆ ಇಲ್ವಲ್ಲ," ಅಂದಳಂತೆ.

ಕೋಳಿ ರೆಕ್ಕೆ ಅಗಲಿಸಿತು. ಒಂಬತ್ತೂ ಅದರಡಿಗೆ ಓಡಿದವು. ಮಾರಿ ಬರಿಗೈಯಲ್ಲಿ, ತಿರುತಿರುಗಿ ನೋಡುತ್ತಾ ಹೋದಳು.

ಅಂದಿನಿಂದ ಆ ಊರಲ್ಲಿ ಕಾವು ಕೂತ ಕೋಳಿಯನ್ನು ದೇವರಿಗೂ ಎಬ್ಬಿಸುವುದಿಲ್ಲವಂತೆ. ಮರಿಗಳು ಅಲ್ಲಿ ತಿಪ್ಪೆ ಕೆದಕಿಕೊಂಡಿವೆ, ನಾವು ಇಲ್ಲಿ ಕತೆ ಕೆದಕಿಕೊಂಡಿದ್ದೀವಿ.