ಬೊಮ್ಮಣ್ಣನ ಪೆಟ್ಟಿಗೆ, ಭಾವಮೈದನ ಮೀಸೆ

ಒಂದು ಒಗಟು ಬಿಡಿಸಿ ನೋಡೋಣ. ನೋಡಲೇಬೇಕು ಅಂತ ಕುಣಿದವರು ನೋಡದೇ ಓಡಿದರು. ಯಾರೂ ನೋಡಬಾರದು ಅಂತ ಅತ್ತವಳ ಕೈಗೇ ಅದು ಬಂತು. ನಡುವೆ ಸುಮ್ಮನೆ ಒಂದು ಮೀಸೆ ಹೋಯಿತು. ಏನದು?

ತಲೆ ಕೆರೆದುಕೊಳ್ಳಬೇಡಿ, ಗೊತ್ತಾಗಲ್ಲ. ನಮ್ಮ ಮೇಷ್ಟ್ರಿಗೇ ಗೊತ್ತಾಗಲಿಲ್ಲ. ಆ ಸಿಟ್ಟಿಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಕತೆ ಕೇಳಿ.

ಕಂಚಿಕೋಟೆಯಲ್ಲಿ ರಂಗಪ್ಪ ನಾಯಕ ಅಂತ ಒಬ್ಬ ದೊರೆ. ಅವನ ಆಸ್ಥಾನದ ಜಟ್ಟಿ ಬೊಮ್ಮಣ್ಣ. ಕುಸ್ತಿಯಲ್ಲಿ ಬೊಮ್ಮಣ್ಣನ ಬೆನ್ನು ನೆಲಕ್ಕೆ ತಾಗಿದ್ದನ್ನು ಕಂಡವರೇ ಇಲ್ಲ. ಅಂಥವನು ಒಂದು ಬೆಳಿಗ್ಗೆ ಗರಡಿಯಲ್ಲಿ ಕುಸಿದು ಸತ್ತ. ಯಾರೋ ವಿಷ ಹಾಕಿದರು ಅಂತ ಗುಲ್ಲೆದ್ದಿತು.

ಆಸ್ಥಾನದ ವೈದ್ಯ ಪಂಡಿತರು ದೇಹ ಕುಯ್ದು ನೋಡಿದರು. ಪಕ್ಕದಲ್ಲಿ ಕೂತ ಚಿತ್ರಗಾರ ಕಂಡದ್ದನ್ನು ಕಂಡ ಹಾಗೇ ಬರೆದ. ಕಿಟಕಿಯಲ್ಲಿದ್ದ ಪಂಡಿತರ ಗಿಳಿ, ಅವರು ಕುಯ್ಯುತ್ತಾ ಆಡಿದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿತು. ನಾನು ಮಗ್ಗಿಯನ್ನೂ ಅಷ್ಟು ಚೆನ್ನಾಗಿ ಕಲಿತಿಲ್ಲ.

ವಿಷವೂ ಇಲ್ಲ ಗಿಷವೂ ಇಲ್ಲ, ಎದೆ ನಿಂತುಹೋಗಿದೆ ಅಂತ ತೀರ್ಮಾನವಾಯಿತು. ದೇಹ ಮಣ್ಣಿಗೆ ಹೋಯಿತು, ಚಿತ್ರಗಳು ಪೆಟ್ಟಿಗೆಗೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೊರೆಗೆ ಗಿರಿಯಣ್ಣ ಅಂತ ಒಬ್ಬ ಭಾವಮೈದ ಇದ್ದ. ಜೀವನದಲ್ಲಿ ಅವನು ಮಾಡಿದ ಘನ ಕೆಲಸ ಅಂದರೆ ಮೀಸೆ ಬೆಳೆಸಿದ್ದು. ಉಳಿದದ್ದನ್ನೆಲ್ಲ ಅವನ ಅಕ್ಕ ದೊರೆಯನ್ನು ಮದುವೆಯಾಗಿ ಮಾಡಿಕೊಟ್ಟಿದ್ದಳು. ಹಿಂದೊಮ್ಮೆ ಜಂಬಕ್ಕೆ ಕಣಕ್ಕಿಳಿದು, ಬೊಮ್ಮಣ್ಣನ ಕೈಯಲ್ಲಿ ಊರೆದುರು ಒಗೆಸಿಕೊಂಡಿದ್ದ. ಅದು ಮೀಸೆಯಡಿ ಇನ್ನೂ ಉರಿಯುತ್ತಿತ್ತು.

"ಭಾವ, ನಾಳೆ ಯುಗಾದಿ. ಆ ಚಿತ್ರಗಳನ್ನು ಕೋಟೆ ಬಾಗಿಲಿಗೆ ನೇತುಹಾಕೋಣ. ಪಕ್ಕದಲ್ಲಿ ಗಿಳಿ ಪಂಜರ. ಪಾಪ, ಜನಕ್ಕೆ ನಿಜ ತಿಳೀಬೇಕು" ಅಂದ.

ಜನಕ್ಕೆ ನಿಜ ತಿಳಿಸುವ ಕಾಳಜಿ ಎಷ್ಟಿತ್ತೆಂದರೆ, ಮೊಳೆ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ.

ಸುದ್ದಿ ಕೇಳಿ ಬೊಮ್ಮಣ್ಣನ ಹೆಂಡತಿ ಸಿದ್ದವ್ವ ಓಡಿಬಂದಳು. "ಬುದ್ಧೀ, ಬದುಕಿರೋವರೆಗೂ ನನ್ನ ಗಂಡ ಯಾರ ಮುಂದೂ ಅಂಗಾತ ಬಿದ್ದೋನಲ್ಲ. ಈಗ ಹೊಟ್ಟೆ ಸೀಳಿಸಿಕೊಂಡು ಬಿದ್ದಿರೋದನ್ನ ಊರೋರು ಹೋಳಿಗೆ ತಿಂತಾ ನೋಡಬೇಕಾ?"

ದೊರೆ ತಲೆ ಎತ್ತಿ ತೊಲೆ ನೋಡಿದ. ನಿಜ ಹೇಳಬೇಕೆಂದರೆ ಅವನಿಗೂ ಒಂದು ಸಲ ಕಣ್ಣು ಹಾಯಿಸುವ ಆಸೆ. ಕೊನೆಗೆ ಆಸ್ಥಾನದ ಹಾಸ್ಯಗಾರನ ಕಡೆ ತಿರುಗಿದ. "ಕಾನೂನು ಏನನ್ನುತ್ತೋ ಮಾಲಿಂಗ?"

"ನಿಮ್ಮ ತಾತನವರ ಕಟ್ಟಳೆ ಇದೆ ಬುದ್ಧಿ. ಕುಯ್ದ ದೇಹದ ಚಿತ್ರ ನೋಡೋಕೆ, ಕುಯ್ಯುವಾಗ ಆಡಿದ ಮಾತು ಕೇಳೋಕೆ ಇಬ್ಬರಿಗೇ ಹಕ್ಕು. ಸತ್ತವನ ಸಂಬಂಧಿಕರಿಗೆ, ಇಲ್ಲ ಸಾವಿನ ವಿಚಾರಣೆ ಮಾಡೋನಿಗೆ."

"ಅಷ್ಟೇ ತಾನೆ!" ಗಿರಿಯಣ್ಣ ಎದೆ ಬಡಿದುಕೊಂಡ. "ಬೊಮ್ಮಣ್ಣ ನನಗೆ ಅಣ್ಣ ಕಣಯ್ಯಾ. ಒಡಹುಟ್ಟಿದೋನಿಗಿಂತ ಹೆಚ್ಚು."

"ಆಣೆ ಮಾಡ್ತೀರಾ?"

"ಕೋಟೆ ಮಾರಮ್ಮನಾಣೆ! ನನ್ನ ಅಣ್ಣ!"

ತಗೊಳ್ಳಿ, ಆಸ್ಥಾನದ ತುಂಬ ಬೊಮ್ಮಣ್ಣನ ಬಳಗ ಮೊಳೆಯಿತು. ಶಾನುಭೋಗರು, "ನಮ್ಮತ್ತೆ ಕಡೆಯಿಂದ ಅವನು ನನಗೆ ಷಡ್ಡಕ" ಅಂದರು. ಸೇನಾಪತಿ ಸೋದರಮಾವನಾದ. ದೊರೆಯೂ ಗಂಟಲು ಸರಿಮಾಡಿಕೊಂಡು, "ನಾನಂತೂ ಪ್ರಜೆಗಳಿಗೆಲ್ಲ ತಂದೆ" ಅಂದ.

"ಊರೋರೆಲ್ಲ ಅಣ್ಣತಮ್ಮಂದಿರೇ! ನೇತುಹಾಕೋದೇ!" ಅಂತ ಗಿರಿಯಣ್ಣ ಸುತ್ತಿಗೆ ಎತ್ತಿದ.

ಸಿದ್ದವ್ವ ಮಾಲಿಂಗನಿಗೆ ಹಿಡಿಶಾಪ ಹಾಕಿದಳು. "ನಿನ್ನನ್ನ ನಂಬಿದ್ದೆನಲ್ಲೋ! ನಿನ್ನ ನಾಲಿಗೆ ಬಿದ್ದುಹೋಗ!"

"ಸ್ವಲ್ಪ ತಡ್ಕೊಳ್ಳಕ್ಕ" ಅಂದ ಮಾಲಿಂಗ, ಬಾಗಿಲ ಕಡೆ ಕೂಗಿದ. "ಕ್ಷೌರದ ಹನುಮಯ್ಯಾ, ಕತ್ತಿ ಮಸ್ಕೊಂಡು ಬಾರಪ್ಪ. ಗಿರಾಕಿ ಜಾಸ್ತಿ ಇದ್ದಾರೆ!"

"ಕ್ಷೌರ ಯಾಕೋ?" ದೊರೆ ಬೆಚ್ಚಿದ.

"ಮತ್ತಿನ್ನೇನು ಬುದ್ಧಿ? ಸಂಬಂಧಿಕರು ಸತ್ತೋನ ಮುಖ ಚಿತ್ರದಲ್ಲೇ ನೋಡಿದರೂ ಆ ದಿನದಿಂದ ಸೂತಕ ಶುರು. ತಲೆ ಬೋಳಿಸಬೇಕು, ಮೀಸೆ ತೆಗೀಬೇಕು. ಒಗ್ಗರಣೆ ಇಲ್ಲ, ಹಬ್ಬ ಇಲ್ಲ. ನಾಳೆ ಹೋಳಿಗೆ ಏನಿದ್ದರೂ ಸಂಬಂಧಿಕರಲ್ಲದೋರಿಗೆ. ಮೊದಲು ಯಾರು ಕೂರ್ತೀರಿ, ತಂದೆಯವರಾ ತಮ್ಮನವರಾ?"

ಸಂಬಂಧಗಳು ಹೇಗೆ ಬಂದಿದ್ದವೋ ಹಾಗೇ ಹೋದವು. ಶಾನುಭೋಗರು, "ನಾನು ಹೇಳಿದ್ದು ಬೇರೆ ಬೊಮ್ಮಣ್ಣ" ಅಂದರು. ಸೋದರಮಾವ ಕಂಬದ ಹಿಂದೆ ಸರಿದ. ದೊರೆ ಹೋಳಿಗೆ ನೆನೆದು ಎಂಜಲು ನುಂಗಿ, "ತಂದೆ ಅನ್ನೋದು ಗೌರವಕ್ಕೆ ಹೇಳೋ ಮಾತಪ್ಪ" ಅಂದ.

ಗಿರಿಯಣ್ಣ ಬಿಡಬೇಕಲ್ಲ. "ಹಾಗಾದರೆ ನಾನು ವಿಚಾರಣೆ ಮಾಡೋನು! ಚಿತ್ರ ತೆಗಿ!"

"ಭೇಷ್!" ಅಂದ ಮಾಲಿಂಗ. "ವಿಚಾರಣೆ ಮತ್ತೆ ಶುರು. ಮೊದಲು ಕೇಳಬೇಕಾದ್ದು, ಬೊಮ್ಮಣ್ಣನ ಮೇಲೆ ಹಗೆ ಯಾರಿಗಿತ್ತು? ಅವನ ಕೈಲಿ ಊರೆದುರು ಒಗೆಸಿಕೊಂಡೋರು ಯಾರು? ನೀವೇ ಹೇಳ್ತೀರಾ, ಊರೋರನ್ನ ಕರೆಸಲಾ?"

"ನನಗೆ ಚಿತ್ರವೂ ಬೇಡ, ಗಿಳಿಯೂ ಬೇಡ!" ಗಿರಿಯಣ್ಣ ಬಾಗಿಲಿಗೆ ಓಡಿದ. ಅಲ್ಲಿ ಹನುಮಯ್ಯ ಕತ್ತಿ ಹಿಡಿದು ನಿಂತಿದ್ದ.

ದೊರೆಗೆ ನಗು ತಡೆಯಲಾಗಲಿಲ್ಲ. "ಚಿತ್ರ ಬೇಡವಾದರೇನು, ಆಣೆ ಇದೆಯಲ್ಲ? ಮಾರಮ್ಮನ ಹೆಸರಲ್ಲಿ ಅಣ್ಣ ಅಂದಿದ್ದೀಯ. ಕೂತ್ಕೋ."

ಮೀಸೆ ಉದುರಿತು. ಅದರಡಿ ಇದ್ದ ಮುಖ ನೋಡಿ ಅವನ ಅಕ್ಕನೇ ಗುರುತು ಹಿಡಿಯಲಿಲ್ಲವಂತೆ.

ದೊರೆ ಪೆಟ್ಟಿಗೆಯನ್ನೂ ಗಿಳಿ ಪಂಜರವನ್ನೂ ಸಿದ್ದವ್ವನ ಕೈಗಿಟ್ಟ. ಮಾಲಿಂಗನಿಗೆ ಶಾಲು ಹೊದಿಸಿ ಕೇಳಿದ: "ಎಲ್ಲರೂ ನೆಂಟಸ್ತನ ಹೇಳ್ಕೊಂಡರು, ನೀನೊಬ್ಬ ಸುಮ್ಮನಿದ್ದೆ. ನಿನಗೆ ಬೊಮ್ಮಣ್ಣನ್ನ ನೋಡೋ ಆಸೆ ಇರಲಿಲ್ವೇನೋ?"

"ನಾನು ಆವತ್ತೇ ನೋಡಿದ್ದೀನಲ್ಲ ಬುದ್ಧಿ. ಅವನು ಮೇಲಿದ್ದ, ನಿಮ್ಮ ಭಾವಮೈದ ಕೆಳಗಿದ್ದರು. ಅದಕ್ಕಿಂತ ಒಳ್ಳೆ ಚಿತ್ರ ಪೆಟ್ಟಿಗೇಲಿ ಎಲ್ಲಿಂದ ಬರಬೇಕು?"

ಸಿದ್ದವ್ವ ಚಿತ್ರಗಳನ್ನು ಒಲೆಗೆ ಹಾಕಿದಳು. ಗಿಳಿಗೆ ಹಳೆಯ ಮಾತು ಮರೆಸಿ, "ಬಾರೋ ಕಣಕ್ಕೆ!" ಅಂತ ಗಂಡನ ಕೂಗು ಕಲಿಸಿದಳು. ಗಿರಿಯಣ್ಣ ಆ ಬೀದಿಯಲ್ಲಿ ಹೋದಾಗಲೆಲ್ಲ ಅದು ಕೂಗುತ್ತಿತ್ತು.

ಒಲೆಗೆ ಹಾಕಿದ್ದು, ಕೂಗು ಕಲಿಸಿದ್ದು ಎರಡೂ ನಾನೇ ಕಟ್ಟಿದ ಕತೆ. ಪೆಟ್ಟಿಗೆ ಮನೆಗೆ ಹೋದಮೇಲೆ ಏನಾಯಿತೋ ನನಗೆ ಗೊತ್ತಿಲ್ಲ, ಯಾರೂ ಹೇಳಲಿಲ್ಲ. ಹೇಳೋಕೆ ನಾನೇನು ಬೊಮ್ಮಣ್ಣನ ಸಂಬಂಧಿಕನಾ?