ಯಾರೂ ಕೇಳದ ಗುರುಗಳು

ಗವಿಯಪ್ಪ ಗುರುಗಳು ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಒಂದೇ ಸಲ.

ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಹಿಂದೆ ಬರುತ್ತಿದ್ದ ಎಳೆಯ ಶಿಷ್ಯನೊಬ್ಬ ಕೂಡ ಅದೇ ಕಲ್ಲಿನ ಮೇಲೆ ಜಾರಿ ಬಿದ್ದ.

ಅವನು ಬಿದ್ದಾಗ ಎಲ್ಲರೂ ನಕ್ಕರು. ಗುರುಗಳು ಬಿದ್ದಾಗ ಎಲ್ಲರೂ ಹೆದರಿದರು.

ಎಲ್ಲರಿಗಿಂತ ಹೆಚ್ಚು ಹೆದರಿದವನು ಸಿದ್ಧವೀರ. ಆಶ್ರಮದ ಹಿರಿಯ ಶಿಷ್ಯ. ಹೆತ್ತವರನ್ನು ಕಳೆದುಕೊಂಡು ಬಂದ ಮಗುವನ್ನು ಗುರುಗಳೇ ತುತ್ತಿಟ್ಟು ಬೆಳೆಸಿದ್ದರು. ಈಗ ಅವನ ಗಡ್ಡದಲ್ಲೂ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಆದರೂ ಅವನಿಗೆ ತನ್ನವರು ಅಂತ ಇದ್ದದ್ದು ಅವರೊಬ್ಬರೇ.

ಮಾರನೆಯ ಬೆಳಿಗ್ಗೆ ಗುರುಗಳು ಎಂದಿನಂತೆ ಪಂಚೆ ಹೆಗಲಿಗೆ ಹಾಕಿಕೊಂಡು ಹೊರಟರು.

“ಎಲ್ಲಿಗೆ ಗುರುಗಳೇ?”

“ಹೊಳೆಗೆ.”

“ಬೇಡಿ. ಬಿಸಿನೀರು ಕಾಯಿಸಿದ್ದೀನಿ. ಇಲ್ಲೇ ಸ್ನಾನ ಮಾಡಿ.”

“ನನಗೆ ತಣ್ಣೀರು ಅಭ್ಯಾಸ ಕಣಯ್ಯ.”

“ಅದು ಆಗಿನ ಮಾತು, ಗುರುಗಳೇ.”

ಗುರುಗಳು ಅವನ ಮುಖ ನೋಡಿದರು. ಅವನ ಕಣ್ಣಲ್ಲಿ ನೀರು ತುಂಬಿತ್ತು. ಪಂಚೆಯನ್ನು ಹೆಗಲಿನಿಂದ ಇಳಿಸಿದರು.

ಹೊಳೆ ಹೋಯಿತು. ಆಮೇಲೆ ಕೊಡಲಿ ಹೋಯಿತು. ಸೌದೆ ಒಡೆಯುವುದೆಂದರೆ ಗುರುಗಳಿಗೆ ಇಷ್ಟ. ಒಂದೇ ಏಟಿಗೆ ಸೀಳು ಬಿಟ್ಟಾಗ ಮಕ್ಕಳಂತೆ ಖುಷಿಪಡುತ್ತಿದ್ದರು. ಸಿದ್ಧವೀರ ಕೊಡಲಿಯನ್ನು ಅಟ್ಟದ ಮೇಲೆ ಎತ್ತಿಟ್ಟ.

ಆಮೇಲೆ ಒಲೆ ಹೋಯಿತು. ಹೊಗೆ ಕಣ್ಣಿಗೆ ಒಳ್ಳೆಯದಲ್ಲ ಅಂದರು ಶಿಷ್ಯರು.

ಕೊನೆಗೆ ಪಾಠವೂ ಹೋಯಿತು.

“ಕೂಗಿ ಕೂಗಿ ಯಾಕೆ ದಣೀತೀರಿ? ನಾನು ಹೇಳಿಕೊಡ್ತೀನಿ. ನೀವು ಆರಾಮವಾಗಿ ಕೂತಿರಿ.”

“ನಾನು ಯಾವಾಗ ಕೂಗಿದೆ?” ಅಂದರು ಗುರುಗಳು.

ಸಿದ್ಧವೀರ ನಕ್ಕ. ಮಗುವಿನ ಮಾತಿಗೆ ನಗುವ ಹಾಗೆ ನಕ್ಕ. ತಾನು ಹಾಗೆ ನಕ್ಕೆನೆಂದು ಅವನಿಗೇ ತಿಳಿಯಲಿಲ್ಲ.

ಬಿಸಿಲು ಬೀಳುವ ಮೂಲೆಯಲ್ಲಿ ಗುರುಗಳಿಗೆ ಮೆತ್ತನೆಯ ಆಸನ ಹಾಕಿದರು. ಬೆನ್ನಿಗೆ ದಿಂಬು, ಕಾಲಿಗೆ ಕಂಬಳಿ. ಅಂಥ ಆಸನ ಆ ಆಶ್ರಮದಲ್ಲಿ ಹಿಂದೆಂದೂ ಯಾರಿಗೂ ಇರಲಿಲ್ಲ.

ಊರಿನವರು ಬರುತ್ತಿದ್ದರು. ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತಿದ್ದರು. ಎದ್ದು ನಿಂತು ಸಿದ್ಧವೀರನ ಕಡೆ ತಿರುಗುತ್ತಿದ್ದರು.

“ಗುರುಗಳು ಊಟ ಮಾಡ್ತಾರಾ?”

“ಸ್ವಲ್ಪ ಮಾಡ್ತಾರೆ.”

“ನಿದ್ದೆ?”

“ಪರವಾಗಿಲ್ಲ.”

“ನಮ್ಮ ಗುರುತು ಸಿಗುತ್ತಾ?”

“ಒಂದೊಂದು ಸಲ.”

ಗುರುಗಳು ಎರಡು ಮೊಳ ದೂರದಲ್ಲೇ ಕೂತಿರುತ್ತಿದ್ದರು. ಬಂದವರ ಅಪ್ಪಂದಿರ ಹೆಸರು, ಅವರ ಹೊಲದ ಬೇಲಿಯ ಜಗಳ, ಅದು ಇತ್ಯರ್ಥವಾದ ಬಗೆ, ಎಲ್ಲ ಅವರಿಗೆ ನೆನಪಿತ್ತು. ಯಾರೂ ಕೇಳಲಿಲ್ಲ.

ಹೊರಡುವಾಗ ಮಾತ್ರ ಬಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, ದನಿ ಎತ್ತರಿಸಿ ಹೇಳುತ್ತಿದ್ದರು. “ಹುಷಾರು ಗುರುಗಳೇ! ಬರ್ತೀವಿ!”

ಗುರುಗಳ ಕಿವಿ ಚೆನ್ನಾಗಿಯೇ ಇತ್ತು. ಮೊದಮೊದಲು ಬೆಚ್ಚಿಬೀಳುತ್ತಿದ್ದರು. ಬರಬರುತ್ತಾ ಅದೂ ನಿಂತಿತು.

ಮಾತು ಯಾವಾಗ ನಿಂತಿತು ಅಂತ ಯಾರೂ ಗಮನಿಸಲಿಲ್ಲ.

ಗಮನಿಸಿದಾಗ ಸಿದ್ಧವೀರ ತನಗೆ ತಾನೇ ಹೇಳಿಕೊಂಡ. ವಯಸ್ಸಾಯಿತು. ಒಳಗೆ ದೀಪ ಸಣ್ಣಗಾಗುತ್ತಿದೆ. ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಒಮ್ಮೆ ಪಾಠ ಹೇಳುವಾಗ ಅವನಿಗೆ ಒಂದು ಕಡೆ ಅರ್ಥ ಬಿಡಿಸಲಾಗಲಿಲ್ಲ. ಹಳೆಯ ಕಾಲವಾಗಿದ್ದರೆ ಓಡಿಹೋಗಿ ಕೇಳುತ್ತಿದ್ದ. ಬೈಸಿಕೊಳ್ಳುತ್ತಿದ್ದ. ಬೈಸಿಕೊಂಡ ಮೇಲೆ ತಿಳಿಯುತ್ತಿತ್ತು.

ಈಗಲೂ ಹೋದ. ಗುರುಗಳು ಅಂಗಳದ ಕಡೆ ನೋಡುತ್ತಾ ಕೂತಿದ್ದರು. ಅಂಗಳದಲ್ಲಿ ಏನೂ ಇರಲಿಲ್ಲ.

ಪಾಪ, ಯಾಕೆ ತೊಂದರೆ ಕೊಡಲಿ ಅಂದುಕೊಂಡ. ಕಂಬಳಿ ಸರಿಮಾಡಿದ. ತಿರುಗಿ ಬಂದ.

ಆ ಸಂಜೆ ಶಿಷ್ಯರೆಲ್ಲ ಹೊಳೆಗೆ ಹೋದ ಮೇಲೆ ಜಗುಲಿಯಲ್ಲಿ ಒಬ್ಬನೇ ಕೂತ. ಇಡೀ ಆಶ್ರಮದಲ್ಲಿ ಈಗ ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಅವನು ಕೇಳಬಹುದಾದವರು ಯಾರೂ ಇರಲಿಲ್ಲ. ಗುರುಗಳು ಇರುವಾಗಲೇ ತಾನು ಅನಾಥನಾದೆ ಅನ್ನಿಸಿತು. ಅಳು ಬಂತು. ಅತ್ತು, ಮುಖ ತೊಳೆದುಕೊಂಡು, ಗುರುಗಳಿಗೆ ಗಂಜಿ ಕೊಡಲು ಎದ್ದ.

ಒಂದು ದಿನ ಭಾನುಮೂರ್ತಿ ಪಂಡಿತರು ಬಂದರು. ವೈದ್ಯರು, ದೊಡ್ಡ ವಿದ್ವಾಂಸರು. ಮುಪ್ಪಿನ ಬಗ್ಗೆ ಗ್ರಂಥ ಬರೆಯಲು ಹೊರಟಿದ್ದರು. ಊರೂರು ತಿರುಗಿ, ವಯಸ್ಸಾದವರು ಹೇಗಿದ್ದಾರೆ, ಮನೆಮಂದಿ ಅವರನ್ನು ಹೇಗೆ ಕಾಣುತ್ತಾರೆ ಎಂದು ವಿಚಾರಿಸುತ್ತಿದ್ದರು. ಒಳ್ಳೆಯ ಮನುಷ್ಯ. ಬಿಸಿಲಲ್ಲಿ ನಡೆದೇ ಬಂದಿದ್ದರು.

ಗುರುಗಳ ಎದುರೇ ಶಿಷ್ಯರು ಚಾಪೆ ಹಾಕಿದರು. ಪಂಡಿತರು ಕೂತರು. ಪಕ್ಕದಲ್ಲಿ ಸಿದ್ಧವೀರ ಕೂತ.

“ಗುರುಗಳಿಗೆ ನೋವೇನಾದರೂ ಇದೆಯೇ?”

“ಮಂಡಿ ನೋವು,” ಅಂದ ಸಿದ್ಧವೀರ.

“ನೆನಪು?”

“ಮಸುಕು.”

“ಯಾವುದಾದರೂ ಆಸೆ?”

“ಅವರಿಗೆಂಥ ಆಸೆ? ಎಲ್ಲ ದಾಟಿದವರು.”

“ಒಂಟಿ ಅನ್ನಿಸುತ್ತದೆಯೇ?”

“ಛೆ, ಇಲ್ಲ ಪಂಡಿತರೇ. ನಾವೆಲ್ಲ ಸುತ್ತಲೂ ಇದ್ದೀವಲ್ಲ.”

ಅಷ್ಟರಲ್ಲಿ ಗುರುಗಳು ಬಾಯಿ ತೆರೆದರು. ಗಂಟಲು ಸರಿಮಾಡಿಕೊಂಡರು. ಬಹಳ ದಿನ ಬಳಸದ ಗಂಟಲು, ಒಮ್ಮೆಗೆ ದನಿ ಹೊರಡಲಿಲ್ಲ.

ಸಿದ್ಧವೀರ ತಟ್ಟನೆ ಎದ್ದ. “ನೀರು ಬೇಕಾ ಗುರುಗಳೇ?” ಚೊಂಬು ತಂದು ಬಾಯಿಗೆ ಹಿಡಿದ.

ಗುರುಗಳು ನೀರು ಕುಡಿದರು.

ಪಂಡಿತರಿಗೆ ಸಂತೋಷವಾಯಿತು. “ಎಷ್ಟು ಮನೆ ನೋಡಿದೆ. ಇಷ್ಟು ಚೆನ್ನಾಗಿ ನೋಡಿಕೊಳ್ಳುವವರನ್ನು ನೋಡಲಿಲ್ಲ,” ಎಂದು ಸಿದ್ಧವೀರನ ಭುಜ ತಟ್ಟಿ ಹೊರಟರು.

ಮಾರನೆಯ ಬೆಳಿಗ್ಗೆ ಆಸನ ಖಾಲಿಯಾಗಿತ್ತು. ಕಂಬಳಿ ಮಡಿಸಿಟ್ಟಿತ್ತು.

ಹಿತ್ತಲಲ್ಲಿ ನೋಡಿದರು. ತೋಪಿನಲ್ಲಿ ನೋಡಿದರು. ಶಿಷ್ಯರು ಊರಿನ ದಾರಿಯಲ್ಲಿ ಓಡಿದರು. ಸಿದ್ಧವೀರ ಹೊಳೆಯ ಕಡೆ ಓಡಿದ. ಯಾರೋ ತಳ್ಳಿದಂತೆ ನೇರ ನೀರಿಗಿಳಿದ. ಎದೆಮಟ್ಟದ ನೀರಿನಲ್ಲಿ ನಿಂತು, ಎರಡೂ ಕೈಯಲ್ಲಿ ನೀರನ್ನು ಬಗೆಯುತ್ತಾ ಕೂಗಿದ.

“ಗುರುಗಳೇ!”

ಹರಿಗೋಲು ಹಾಕಿಕೊಂಡು ಬರುತ್ತಿದ್ದ ಅಂಬಿಗ ನಿಲ್ಲಿಸಿ ಕೇಳಿದ. “ಯಾರನ್ನು ಹುಡುಕ್ತಿದ್ದೀರಿ ಸ್ವಾಮಿ? ಗುರುಗಳನ್ನಾ? ಅವರನ್ನು ಆಗಲೇ ಆಚೆ ದಡಕ್ಕೆ ಬಿಟ್ಟೆನಲ್ಲ.”

“ಬಿಟ್ಟೆಯಾ? ಒಬ್ಬರನ್ನೇ?”

“ಹೌದು.”

“ಅಷ್ಟು ವಯಸ್ಸಾದವರನ್ನು! ಯಾರನ್ನು ಕೇಳಿ ಬಿಟ್ಟೆ?”

ಅಂಬಿಗನಿಗೆ ಅರ್ಥವಾಗಲಿಲ್ಲ. “ಅವರೇ ಬಂದು ಬಿಡಪ್ಪ ಅಂದರು ಸ್ವಾಮಿ. ಇನ್ಯಾರನ್ನು ಕೇಳಲಿ?”

ಆಚೆ ದಡದಲ್ಲಿ ಮೀನು ಹಿಡಿಯುವವರ ಒಂದು ಗುಡಿಸಲು. ಸಿದ್ಧವೀರ ಅದೇ ಹರಿಗೋಲಿನಲ್ಲಿ ದಾಟಿ, ಒದ್ದೆ ಬಟ್ಟೆಯಲ್ಲೇ ಆ ಕಡೆ ನಡೆದ. ಗುಡಿಸಲ ಹಿಂದಿನಿಂದ ಮಾತು ಕೇಳಿಸಿತು.

ನಿಂತುಬಿಟ್ಟ.

ಗುರುಗಳ ದನಿ. ಒಂದು ಕ್ಷಣ ಗುರುತೇ ಸಿಗಲಿಲ್ಲ. ಸ್ವಲ್ಪ ಒಡೆದಿತ್ತು, ತಡವರಿಸುತ್ತಿತ್ತು. ಆದರೆ ಮಾತಾಡುತ್ತಿತ್ತು. ಯಾವುದೋ ಹಳೆಯ ಪ್ರವಾಹದ ವಿಷಯ, ಮರ ಹತ್ತಿ ಕೂತವರ ವಿಷಯ. ನಡುವೆ ನಗು.

ಬೇಲಿಯ ಸಂದಿಯಿಂದ ನೋಡಿದ. ಅಂಗಳದ ತುಂಬ ಹರಿದ ಬಲೆ ಹರಡಿತ್ತು. ಒಬ್ಬ ಹೆಂಗಸು ಬಲೆ ಹೆಣೆಯುತ್ತಿದ್ದಳು. ಗುರುಗಳು ನೆಲದ ಮೇಲೆ ಕೂತು ಅದರ ಇನ್ನೊಂದು ಅಂಚನ್ನು ಎಳೆದು ಹಿಡಿದಿದ್ದರು.

“ಅಜ್ಜಾ, ಬಿಗಿಯಾಗಿ ಹಿಡ್ಕೋ,” ಅಂದಳು ಅವಳು. “ಮಾತಿಗೆ ನಿಂತರೆ ಕೈ ಸಡಿಲ ಬಿಡ್ತೀಯಲ್ಲ!”

“ಆಯ್ತು ತಾಯಿ, ಆಯ್ತು.”

ಸಿದ್ಧವೀರನ ಮೈಯೆಲ್ಲ ಉರಿಯಿತು. ಬೇಲಿ ದಾಟಿ ಒಳಗೆ ಬಂದ.

“ಏನಮ್ಮ! ಇವರು ಯಾರು ಗೊತ್ತಾ ನಿನಗೆ?”

“ಗೊತ್ತಿಲ್ಲಪ್ಪ,” ಅಂದಳು. ಅವಳ ಹೆಸರು ಮುದ್ದಮ್ಮ. “ನಮ್ಮವರು ಪೇಟೆಗೆ ಹೋಗಿದ್ದಾರೆ. ನನಗೆ ಇನ್ನೊಂದು ಕೈ ಬೇಕಾಗಿತ್ತು. ಅಜ್ಜ ಈ ಕಡೆ ಬಂದರು. ಹಿಡ್ಕೊಳ್ತೀರಾ ಅಂದೆ, ಹಿಡ್ಕೊಂಡರು.”

ಸಿದ್ಧವೀರ ಬಗ್ಗಿ ಗುರುಗಳ ತೋಳಿಗೆ ಕೈಹಾಕಿದ. “ಏಳಿ ಗುರುಗಳೇ. ಹೋಗೋಣ.”

“ಇರಪ್ಪ, ಇನ್ನೊಂದಿಷ್ಟು ಉಳಿದಿದೆ. ಈಗ ಬಿಟ್ಟರೆ ಎಲ್ಲ ಸಿಕ್ಕಾಗುತ್ತೆ,” ಅಂದಳು ಮುದ್ದಮ್ಮ.

ಗುರುಗಳು ಏಳಲಿಲ್ಲ.

ತೋಳು ಹಿಡಿದವನು ಎಷ್ಟು ಹೊತ್ತು ಹಾಗೇ ನಿಂತಾನು? ಬಿಟ್ಟ. ಏನು ಮಾಡಬೇಕೋ ತಿಳಿಯದೆ ಅಲ್ಲೇ ಕೂತ. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಮಣ್ಣಿಗೆ ಇಳಿಯುತ್ತಿತ್ತು.

ಒಳಗೆ ಅನ್ನ ಉಕ್ಕಿದ ಸದ್ದಾಯಿತು. ಮುದ್ದಮ್ಮ ತನ್ನ ಕೈಯಲ್ಲಿದ್ದ ಅಂಚನ್ನು ಸಿದ್ಧವೀರನ ಕೈಗಿತ್ತಳು. “ಸ್ವಲ್ಪ ಹಿಡ್ಕೊಂಡಿರಪ್ಪ, ಬಂದೆ,” ಎಂದು ಒಳಗೆ ಓಡಿದಳು.

ಗುರು ಒಂದು ಕಡೆ, ಶಿಷ್ಯ ಒಂದು ಕಡೆ, ನಡುವೆ ಬಲೆ.

“ನಿಮಗೆ ಏನು ಕಡಿಮೆ ಮಾಡಿದ್ದೆ ಗುರುಗಳೇ?” ಸಿದ್ಧವೀರ ಕೇಳಿದ.

“ಏನೂ ಇಲ್ಲ.”

“ಇಲ್ಲಿ ಇಷ್ಟೊಂದು ಮಾತಾಡ್ತಿದ್ದೀರಿ. ನಮ್ಮ ಹತ್ತಿರ ಒಂದೂ ಮಾತಿಲ್ಲ. ನಿಮಗೆ ಮಾತೇ ಹೋಯಿತು ಅಂದುಕೊಂಡಿದ್ದೆ.”

“ನಿನ್ನೆ ಪಂಡಿತರು ಬಂದಿದ್ದರಲ್ಲ. ಅವರು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಕೊಟ್ಟೆ.”

“ಕೊಟ್ಟೆ.”

“ಅದರಲ್ಲಿ ಒಂದಾದರೂ ನಿನಗೆ ಗೊತ್ತಿತ್ತೇನಯ್ಯ?”

ಸಿದ್ಧವೀರ ತಲೆ ತಗ್ಗಿಸಿದ. ಮಂಡಿ ನೋವು ಅಂದಿದ್ದ. ಯಾವ ಮಂಡಿ ಅಂತ ಪಂಡಿತರು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

“ನೀವು ಆವತ್ತು ಬಿದ್ದಿರಿ,” ಅಂದ ಕೊನೆಗೆ. “ನನ್ನ ಜೀವವೇ ಹೋದ ಹಾಗಾಯಿತು. ನೀವು ಇಲ್ಲದೇ ಹೋದರೆ ನಾನು ಏನಾದರೂ ಕೇಳಬೇಕಾದರೆ ಯಾರನ್ನು ಕೇಳಲಿ ಅಂತ ಭಯವಾಯಿತು.”

“ಅದಕ್ಕೆ ಕೇಳುವುದನ್ನೇ ಬಿಟ್ಟುಬಿಟ್ಟೆ,” ಅಂದರು ಗುರುಗಳು.

ಬೈದ ಹಾಗಿರಲಿಲ್ಲ. ಬೈದಿದ್ದರೆ ಸಿದ್ಧವೀರನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಗುರುಗಳನ್ನು ನೋಡಿದ. ಬಹಳ ದಿನದಿಂದ ಅವನು ನೋಡಿದ್ದು ಕಂಬಳಿ ಜಾರಿತೇ, ಗಂಜಿ ಮುಗಿಯಿತೇ, ಕಾಲಿಗೆ ಚಳಿಯಾಯಿತೇ ಅಂತ ಮಾತ್ರ. ಈಗ ಮುಖ ನೋಡಿದ. ಹುಬ್ಬು ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಆಯಿತೋ. ಬಲೆ ಹಿಡಿದ ಬೆರಳು ಸಣ್ಣಗೆ ನಡುಗುತ್ತಿತ್ತು. ಆ ನಡುಕವನ್ನು ಗುರುಗಳು ಕೂಡ ನೋಡುತ್ತಿದ್ದರು, ಯಾರೋ ಅಪರಿಚಿತ ಮನೆಗೆ ಬಂದು ಕೂತದ್ದನ್ನು ನೋಡುವ ಹಾಗೆ.

ಅವರು ಇದನ್ನೆಲ್ಲ ಯಾರಿಗೂ ಹೇಳಿಲ್ಲ ಅನ್ನುವುದು ಸಿದ್ಧವೀರನಿಗೆ ಆಗ ಹೊಳೆಯಿತು.

ಅವನ ಕೈ ತಾನಾಗಿ ಮುಂದೆ ಹೋಯಿತು. ಅವರ ಕೈಯಿಂದ ಬಲೆ ತೆಗೆದುಕೊಳ್ಳಬೇಕು ಅನ್ನಿಸಿತು. ಹಿಂದಕ್ಕೆ ಎಳೆದುಕೊಂಡ. ತನ್ನ ಕಡೆಯ ಅಂಚನ್ನು ಬಿಗಿಯಾಗಿ ಹಿಡಿದ.

ಹೊಳೆಯ ಮೇಲಿಂದ ಗಾಳಿ ಬಂತು.

“ಗುರುಗಳೇ.”

“ಹೂಂ.”

“ಒಂದು ಕೇಳಲಾ?”

ಗುರುಗಳು ತಲೆ ಎತ್ತಿದರು.

“ಮುಪ್ಪು ಅಂದರೆ ಹೇಗಿರುತ್ತೆ?”

ಹಿಂದೆಲ್ಲ ಅವನು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಅವರ ಉತ್ತರ ಸಿದ್ಧವಾಗಿರುತ್ತಿತ್ತು. ಈ ಸಲ ಗುರುಗಳು ಹೊಳೆಯನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

“ನನಗೂ ಇದು ಹೊಸದು ಕಣಯ್ಯ. ಇಷ್ಟು ದಿನ ಒಬ್ಬನೇ ಕಲೀತಿದ್ದೆ.”