ಗಾದಿಯ ಪಕ್ಕದ ಚಾಪೆ

"ಶಾಖಾಮಠದ ಸ್ವಾಮಿಗಳು ಹಾಸಿಗೆ ಹಿಡಿದಾಗ ಅವರ ಜಾಗ ನೋಡಿಕೊಳ್ಳಲು ನನ್ನನ್ನು ಕಳಿಸಿದ್ದಿರಿ. ಈಗ ಅವರು ಎದ್ದು ಓಡಾಡುತ್ತಿದ್ದಾರೆ. ಆದರೂ ಅಲ್ಲಿನ ಊರಿನವರು ನಾನೇ ಬೇಕೆಂದು ಗಾಡಿ ಕಟ್ಟಿಕೊಂಡು ಬಂದಿದ್ದಾರೆ. ಹೋಗಲೇ ಗುರುಗಳೇ?" ಎಂದು ಮರುಳಸಿದ್ಧ ಕೇಳಿದ. ಕೇಳುವಾಗ ಅವನ ಮುಖ ಅರಳಿತ್ತು.

"ಗಾಡಿ ಕಾಯಲಿ ಬಿಡು, ಎತ್ತುಗಳೂ ಸುಧಾರಿಸಿಕೊಳ್ಳಲಿ. ನೀನು ಕೂತುಕೋ" ಎಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ಮಾರಾಟಗಾರನಿದ್ದ. ಅವನಿಗೆ ಸ್ವಂತ ಅಂಗಡಿಯಿಲ್ಲ. ಎಲ್ಲಿ ವರ್ತಕ ಕಾಯಿಲೆ ಬಿದ್ದು ವ್ಯಾಪಾರ ನೆಲಕಚ್ಚಿತೋ ಅಲ್ಲಿಂದ ಅವನಿಗೆ ಕರೆ ಬರುತ್ತಿತ್ತು. ಹೋಗಿ ಅಂಗಡಿಯನ್ನು ಎತ್ತಿ ನಿಲ್ಲಿಸುವನು, ಯಜಮಾನ ಬಂದ ಕೂಡಲೇ ಹಾಸಿಗೆ ಸುತ್ತಿಕೊಂಡು ಹೊರಡುವನು. ಎಲ್ಲಿ ಹೋದರೂ ಅವನದೊಂದು ಪದ್ಧತಿ. ಯಜಮಾನನ ಗಾದಿಯ ಮೇಲೆ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಗಿರಾಕಿ ಏನು ಕೇಳಿದರೂ "ನಮ್ಮ ಯಜಮಾನರು ಹೀಗೆ ಹೇಳಿದ್ದಾರೆ" ಎನ್ನುತ್ತಿದ್ದ. ಗಿರಾಕಿಯ ನಂಬಿಕೆ ಗಾದಿಯ ಮೇಲೇ ಇರಬೇಕು, ತನ್ನ ಮೇಲಲ್ಲ, ಅಷ್ಟೇ. ಹಾಗಾಗಿ ಅವನು ಊರು ಬಿಡುವಾಗ ಕಳಿಸಿಕೊಡಲು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಎಲ್ಲಿದ್ದರೂ ಒಬ್ಬನೇ ಬೇಯಿಸಿಕೊಂಡು ಒಬ್ಬನೇ ಉಣ್ಣುತ್ತಿದ್ದ.

ಒಮ್ಮೆ ಕಂಬಳಿ ಅಂಗಡಿಗೆ ಹೋದ. ಅಲ್ಲಿನ ಮುದಿ ವರ್ತಕನಿಗೆ ಲಕ್ವ ಹೊಡೆದಿತ್ತು. ಆ ಸೀಮೆಯಲ್ಲಿ ಗಿರಾಕಿಗಳು ಕಂಬಳಿಯನ್ನು ಜೋಳಿಗೆಯಂತೆ ಹಿಡಿಸಿ ಒಂದು ಚೊಂಬು ನೀರು ಹುಯ್ಯಿಸುತ್ತಾರೆ. ತೊಟ್ಟಿಕ್ಕಿದರೆ ಕೊಳ್ಳುವುದಿಲ್ಲ. ಇವನು ಎತ್ತಿಕೊಟ್ಟ ಕಂಬಳಿ ಒಂದು ದಿನವೂ ಸೋರಲಿಲ್ಲ. ಅಂಗಡಿ ಮತ್ತೆ ತುಂಬಿತು. ಒಡಹುಟ್ಟಿದವರಿಲ್ಲದ ಒಬ್ಬ ಹೆಂಗಸು, "ಅಣ್ಣಾ, ನನ್ನ ಮಗಳ ಮದುವೆಗೆ ಸೋದರಮಾವನಾಗಿ ನೀನೇ ನಿಲ್ಲಬೇಕು" ಎಂದಳು. ಹಾಗೆ ಬಾಯಿತುಂಬ ಅವನನ್ನು ಯಾರೂ ಕರೆದಿರಲಿಲ್ಲ. ಮರುದಿನ ಅಂಗಡಿ ತೆರೆದವನು ಚಾಪೆ ಹಾಸಲಿಲ್ಲ. ಗಾದಿಯ ಮೇಲೇ ಕೂತ. ಯಜಮಾನರ ಹೆಸರೂ ಬಾಯಿಗೆ ಬರಲಿಲ್ಲ.

ವರ್ತಕ ಚೇತರಿಸಿಕೊಂಡು ಕೋಲೂರಿಕೊಂಡು ಬಂದ. ಇವನು ಗಾದಿ ಬಿಟ್ಟುಕೊಟ್ಟ. ಆದರೆ ಬಂದವರೆಲ್ಲ ವರ್ತಕನನ್ನು ದಾಟಿ ಇವನನ್ನೇ ಕೇಳಿದರು. ಮುದುಕ ಕಂಬಳಿಯ ಅಂಚು ಸವರುತ್ತ ಕೂತ. ಅವನ ಮನೆ ನಡೆಯುವುದು ಆ ಅಂಗಡಿಯಿಂದಲೇ. ತಾನು ಹೊರಟ ದಿನವೇ ಗಿರಾಕಿಗಳು ಚದುರುತ್ತಾರೆ ಎಂದು ಇವನಿಗೆ ಹೊಳೆಯಿತು. ಉಳಿಸಲು ಬಂದವನು ನಾನೇ ಹಾಳು ಮಾಡಿದೆನಲ್ಲ ಎಂದು ಸಂಕಟಪಟ್ಟ.

ಮದುವೆಯ ಹಸೆಗೆ ಕಂಬಳಿ ಕೊಳ್ಳಲು ಆ ಹೆಂಗಸು ನೆಂಟರೊಂದಿಗೆ ಬಂದಳು. ಅಂಗಡಿ ತುಂಬ ಜನ. ಇವನು ಬೇಕೆಂದೇ ಸಡಿಲ ನೇಯ್ಗೆಯ ಕಂಬಳಿ ಎಳೆದು ನೀರು ಹುಯ್ದ. ನೀರು ಅವಳ ಕಾಲ ಮೇಲೆ ಸುರಿಯಿತು.

"ಅದಲ್ಲಪ್ಪ, ಅಡಿಯಲ್ಲಿರುವುದನ್ನು ತೆಗೆ" ಎಂದ ಗಾದಿಯಿಂದ ವರ್ತಕ. ಅದರಿಂದ ಒಂದು ಹನಿಯೂ ಇಳಿಯಲಿಲ್ಲ.

"ನನಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಇಷ್ಟು ದಿನ ಯಜಮಾನರು ಮನೆಯಿಂದ ಹೇಳಿಕಳಿಸಿದ್ದನ್ನು ಎತ್ತಿಕೊಟ್ಟೆ" ಎಂದ ಇವನು. ವರ್ತಕ ಒಮ್ಮೆ ಇವನ ಮುಖ ನೋಡಿ ತಲೆ ತಗ್ಗಿಸಿದ.

"ಮದುವೆಯ ಕಂಬಳಿಯಲ್ಲೂ ಹೀಗೆ ಮಾಡುವುದೇ? ನಿನ್ನನ್ನು ಅಣ್ಣ ಅಂದುಕೊಂಡಿದ್ದೆ" ಎಂದಳು ಹೆಂಗಸು. ಆಮೇಲೆ ಎಲ್ಲರೂ ಗಾದಿಯ ಕಡೆ ತಿರುಗಿದರು.

ಮದುವೆಯ ದಿನ ಬೆಳಿಗ್ಗೆ ಅವನು ಹಾಸಿಗೆ ಸುತ್ತಿಕೊಂಡು ಊರು ಬಿಟ್ಟ. ವಾಲಗದ ಸದ್ದು ಊರಾಚೆಯವರೆಗೂ ಕೇಳುತ್ತಿತ್ತು. ಕಳಿಸಿಕೊಡಲು ಯಾರೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖ ಬಾಡಿತ್ತು. "ಪಾಪ, ಅವನಿಗೇನು ಸಿಕ್ಕಿತು?" ಎಂದು ಕೇಳಿದ.

"ಹೊರಗೆ ಹೋಗಿ ಆ ಗಾಡಿಯನ್ನು ಖಾಲಿ ಕಳಿಸಿ ಬಾ, ಆಮೇಲೆ ಅವನಿಗೇನು ಸಿಕ್ಕಿತೆಂದು ನೀನೇ ನನಗೆ ಹೇಳು" ಎಂದರು ಗುರುಗಳು.